ಹೆಸರಿಲ್ಲದ ಐದು ಯೋಜನೆಗಳು

ನಮ್ಮ ಮುಟ್ಟಳ್ಳಿಯಲ್ಲಿ ಚೀಲ ಹಿಡಿದು ಹೊರಟವರನ್ನು ಯಾರೂ ‘ಎಲ್ಲಿಗೆ?’ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ‘ದೂರವಾ?’ ಎನ್ನಬಹುದು. ಹೊರಟವರು ‘ಹೂಂ, ಇಲ್ಲೇ ಸ್ವಲ್ಪ’ ಎನ್ನಬಹುದು. ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಆಮೇಲೆ, ಹೊರಟವರು ಬೇಲಿ ದಾಟುತ್ತಿದ್ದ ಹಾಗೆ, ಕೇಳಿದವರು ಚೀಲದ ಗಾತ್ರ, ಸೀರೆಯ ಬಣ್ಣ, ಬಸ್ಸಿನ ಹೊತ್ತು ಎಲ್ಲವನ್ನೂ ಕೂಡಿಸಿ, ಹೋದದ್ದು ಎಲ್ಲಿಗೆ, ಯಾರ ಮನೆಗೆ, ಎಂತಕ್ಕೆ ಎಂದು ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಹೆಚ್ಚಾಗಿ ಸರಿಯೇ ಇರುತ್ತದೆ.

ಇಪ್ಪತ್ಮೂರು ವರ್ಷ ಇದೇ ಕೇರಿಯಲ್ಲಿ ಬೆಳೆದ ನಾನು ಇದನ್ನು ಮರೆತು, ಅದೇ ಕೇರಿಯ ಹೆಂಗಸರಿಗೆ ‘ಮುಂದಿನ ಯೋಜನೆ’ ಬರೆಯುವ ಪಾಠ ಮಾಡಲು ಹೊರಟೆ.

ಆಗಿದ್ದು ಇಷ್ಟು. ಆಫ್ರಿಕಾದ ಮಗ್ಗುಲಲ್ಲಿ ಜಾಂಜಿಬಾರ್ ಎಂಬ ದ್ವೀಪ ಇದೆ. ಅಲ್ಲಿ ಸಣ್ಣಪುಟ್ಟ ವ್ಯಾಪಾರ ಶುರು ಮಾಡಬೇಕೆಂದಿರುವ ಹೆಂಗಸರಿಗೆ ಯೋಜನೆ ಹಾಕುವುದನ್ನು ಕಲಿಸಲು ಆರು ತಿಂಗಳ ಮಟ್ಟಿಗೆ ಸ್ವಯಂಸೇವಕರು ಬೇಕೆಂದು ಬೆಂಗಳೂರಿನ ಒಂದು ಸಂಸ್ಥೆ ಕರೆದಿತ್ತು. ಸಂಬಳ ಇಲ್ಲ, ವಿಮಾನದ ಟಿಕೆಟು, ಊಟ, ಇರಲು ಜಾಗ ಅವರದು. ನಾನು ಬಿ.ಕಾಂ. ಮುಗಿಸಿ ಕುಮಟೆಯಲ್ಲಿ ಒಬ್ಬ ಆಡಿಟರರ ಆಫೀಸಿಗೆ ಹೋಗುತ್ತಿದ್ದೆ. ಸಂಜೆಯ ಬಸ್ಸಿನಲ್ಲಿ ಫೋನಿನಲ್ಲಿ ಅದನ್ನು ನೋಡಿದೆ, ಹೊನ್ನಾವರದ ಸೇತುವೆ ದಾಟುವುದರೊಳಗೆ ಅರ್ಜಿ ತುಂಬಿದೆ. ಮೊದಲ ಸುತ್ತು ಪ್ರಬಂಧ. ಬರೆಯುವುದಾದರೆ ನನಗೆ ಹೆದರಿಕೆ ಇಲ್ಲ, ಪಾಸಾದೆ. ಎರಡನೆಯ ಸುತ್ತಿನ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಊರಿನಲ್ಲೇ ಮೂರು ತರಗತಿ ನಡೆಸಿ. ಐದು ಜನರ ವ್ಯಾಪಾರದ ಯೋಜನೆ ನಮ್ಮ ನಮೂನೆಯಲ್ಲಿ ಬರೆಸಿ. ಕೊನೆಯ ತರಗತಿಯ ವಿಡಿಯೊ ಸೇರಿಸಿ ತಿಂಗಳ ಕೊನೆಯೊಳಗೆ ಕಳಿಸಿ. ಇದು ಈ ವರ್ಷದ ಕಡೆಯ ತಂಡ.

ನನಗೆ ಹೋಗಲೇಬೇಕಿತ್ತು. ಯಾಕೆಂದು ಡೈರಿಯಲ್ಲಿ ನಾಲ್ಕು ಪುಟ ಇದೆ. ಇಲ್ಲಿ ಇಷ್ಟು ಸಾಕು: ಕಾಲೇಜಿನ ಮೂರು ವರ್ಷ ಉತ್ತರ ಗೊತ್ತಿದ್ದೂ ಕೈ ಎತ್ತದೆ ಕೂತವಳು ನಾನು. ನನ್ನನ್ನು ಯಾರೂ ಅರಿಯದ ಒಂದು ಕಡೆ, ಒಮ್ಮೆ ಎತ್ತಿ ನೋಡಬೇಕಿತ್ತು.

ಮನೆಯಲ್ಲಿ ಹೇಳಿರಲಿಲ್ಲ. ಅಪ್ಪ ಲಾರಿಯಲ್ಲಿ, ತಿಂಗಳಿಗೆ ಎರಡು ಸಲ ಬರುವವರು. ಅಮ್ಮ ಗೋಡಂಬಿ ಫ್ಯಾಕ್ಟರಿಗೆ ಹೋಗುತ್ತಾಳೆ. ಎರಡು ತಿಂಗಳ ಹಿಂದೆ ಪಾಸ್‌ಪೋರ್ಟಿನ ಬಗ್ಗೆ ಪೊಲೀಸರು ಫೋನ್ ಮಾಡಿದಾಗ, ಅವರು ಮನೆಗೆ ಬರುವುದು ಬೇಡವೆಂದು ನಾನೇ ಭಟ್ಕಳಕ್ಕೆ ಹೋಗಿ ಕಾಗದ ತೋರಿಸಿ, ಹೋಗುವುದು ಎಲ್ಲಿಗೆ, ಎಂತಕ್ಕೆ ಎಂದು ಹೇಳಿ ಬಂದಿದ್ದೆ. ನೊಣಕ್ಕೂ ಸುಳಿವು ಸಿಗದ ಹಾಗೆ ಮಾಡಿದೆ ಎಂದು ಅವತ್ತು ಡೈರಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದೇನೆ.

ನಮ್ಮ ಜಗಲಿಯಲ್ಲಿ ಭಾನುವಾರ ಮೂರು ಗಂಟೆಗೆ ಹೆಂಗಸರ ಸಂಘ ಸೇರುತ್ತದೆ. ‘ಆಫೀಸಿನ ಒಂದು ಟ್ರೇನಿಂಗಿಗೆ ಬೇಕು, ಮೂರು ವಾರ ಒಂದೊಂದು ತಾಸು ಕೂತ್ಕಳ್ತೀರಾ?’ ಎಂದು ಕೇಳಿದೆ. ಹನ್ನೊಂದು ಮಂದಿಯಲ್ಲಿ ಅಮ್ಮನನ್ನೂ ಸೇರಿಸಿ ನಾಲ್ವರು ‘ಆತು’ ಅಂದರು. ಆಫೀಸಿನವರಿಗೆ ಇದು ಎಂತಕ್ಕೆ ಎಂದು ಒಬ್ಬರೂ ಕೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ಭಾನುವಾರ ಗೋಡೆಗೆ ಹಳೆಯ ಕ್ಯಾಲೆಂಡರ್ ತಿರುಗಿಸಿ ತೂಗುಹಾಕಿ ಅದರ ಬೆನ್ನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದೆ. ನಮೂನೆಯ ಮೊದಲ ಪ್ರಶ್ನೆ: ನಿಮ್ಮ ಕನಸಿನ ಉದ್ಯಮ ಯಾವುದು?

“ಅಕ್ಕೋರೆ,” ಅಂದರು ಮಾಸ್ತಮ್ಮ ದೊಡ್ಡಮ್ಮ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನಾನು ಹುಟ್ಟಿದಾಗ ಬಿಸಿನೀರು ಕಾಯಿಸಿದ ಹೆಂಗಸು ಆಕೆ. ಅವರ ಬಾಯಲ್ಲಿ ಅಕ್ಕೋರೆ ಎಂದು ಬಂದಾಗ ಮುಖ ಎಲ್ಲಿಟ್ಟುಕೊಳ್ಳುವುದು ತಿಳಿಯಲಿಲ್ಲ. “ಸ್ವಲ್ಪ ಗಟ್ಟಿ ಹೇಳಿ ಅಕ್ಕೋರೆ. ನಮ್ಗೆ ವಯಸ್ಸಾತು. ನೀವು ಕ್ಯಾಲೆಂಡರಿಗೆ ಹೇಳ್ತಾ ಇಪ್ಪುದಾ, ನಮ್ಗಾ?”

ತಿರುಗಿ ನಿಂತು, ಗಟ್ಟಿಯಾಗಿ ಕೇಳಿದೆ.

“ಕನಸು ಎಂತದು ಮಗಾ. ನಿದ್ದೆ ಬಂದ್ರೆ ಸಾಕು,” ಅಂದರು ದೊಡ್ಡಮ್ಮ.

ಬೇಲಿಯಾಚೆ ಮನೆಯ ದುರ್ಗಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ, “ನಂಗೂ ಎಂತದೂ ಇಲ್ಲ ತಂಗಿ, ಹೀಂಗೇ ನಡೀತದೆ” ಎಂದಳು. ಅವಳು ಅಟ್ಟದ ಮೇಲೆ ಐವತ್ತು ಜನರ ಅನ್ನ ಬೇಯುವ ಹಂಡೆ ತಂದಿಟ್ಟದ್ದು ಇಡೀ ಕೇರಿಗೆ ಗೊತ್ತು. ಪಕ್ಕದ ಮನೆಯ ಸೊಸೆ ಧನ್ಯಶ್ರೀ ಹೊಲಿಗೆಯವಳು, ನನಗಿಂತ ಎರಡು ವರ್ಷ ದೊಡ್ಡವಳು. ಅವಳಾದರೂ ನನ್ನ ಮರ್ಯಾದೆ ಉಳಿಸಿಯಾಳು ಎಂದು ಅವಳ ಕಡೆ ನೋಡಿದೆ. ಅವಳು ನೆಲದ ಕಡೆ ನೋಡಿದಳು. ಅಮ್ಮನನ್ನು ಕೇಳುವ ಧೈರ್ಯ ಆಗಲಿಲ್ಲ. ಅವಳು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದಳು.

ಎರಡನೆಯ ಭಾನುವಾರ ಇನ್ನೂ ಹಾಳು. ಆ ವಾರವಿಡೀ ಕುಮಟೆಯ ಬಸ್ಸಿನಲ್ಲಿ ತುಟಿ ಅಲ್ಲಾಡಿಸದೆ ಪಾಠ ಅಭ್ಯಾಸ ಮಾಡಿದ್ದೆ. ಗಿರಾಕಿ ಯಾರು, ಪೈಪೋಟಿ ಯಾರದು, ಒಂದು ವರ್ಷದ ಮೇಲೆ ವ್ಯಾಪಾರ ಎಷ್ಟಾಗಬಹುದು. ಕಡೆಯ ಪ್ರಶ್ನೆ ಬಾಯಿಂದ ಬಿದ್ದಿದ್ದೇ ತಡ, ಮಾಸ್ತಮ್ಮ ದೊಡ್ಡಮ್ಮ ಎದ್ದು ಅಂಗಳಕ್ಕೆ ಹೋಗಿ ಎಲೆಯಡಿಕೆ ಉಗುಳಿ ಬಂದರು.

“ಅಲ್ಲ ಅಕ್ಕೋರೆ, ನಾ ಕೇಳೂದು. ಬೀಜ ಹಾಕೂಕ್ಕಿಂತ ಮುಂಚೆ ಹತ್ತು ಮನೆಗೆ ಹೇಳ್ಕಂಡು ಬಂದ್ರೆ ಅಗೆ ಏಳ್ತದ್ಯಾ?”

“ಅದು... ಬೇರೆ ದೊಡ್ಡಮ್ಮ.”

“ಎಂತ ಬೇರೆ? ಆದ ಮೇಲೆ ಹೇಳೂಕೆ ಅದೆ. ಆಗೂಕ್ಕಿಂತ ಮುಂಚೆ ಬಾಯಿ ಬಿಟ್ರೆ ಯಾರ ಕಣ್ಣು ಹೆಂಗೆ ಬೀಳ್ತದೆ ಹೇಳೂಕೆ ಬತ್ತದ್ಯಾ? ನಿನ್ನ ಪುಸ್ತಕದಲ್ಲಿ ದೃಷ್ಟಿ ತೆಗೆಯೂದು ಬರ್ದಿದ್ದಾರಾ, ಕಾಣು.”

ನಮೂನೆಯಲ್ಲಿ ಹುಡುಕಿದೆ. ಅಪಾಯಗಳು ಎಂಬ ಪ್ರಶ್ನೆ ಇತ್ತು: ಬೆಂಕಿ, ಪ್ರವಾಹ, ಕಚ್ಚಾವಸ್ತುವಿನ ಕೊರತೆ. ದೃಷ್ಟಿ ಇರಲಿಲ್ಲ. ಐದು ಹಾಳೆಗಳೂ ಬಿಳಿ ಬಿಳಿಯಾಗಿ ಕೈಯಲ್ಲಿದ್ದವು. ತಿಂಗಳು ಮುಗಿಯಲು ಒಂಬತ್ತು ದಿನ ಇತ್ತು.

ತರಗತಿ ಮುಗಿಯಿತೆಂದೆ. ದುರ್ಗಕ್ಕ ದನ ಕಟ್ಟಬೇಕೆಂದು ಮೊದಲು ಎದ್ದಳು. ಅವಳ ಚಪ್ಪಲಿಯ ಸದ್ದು ಬೇಲಿ ದಾಟಿತೋ ಇಲ್ಲವೋ, ಧನ್ಯಶ್ರೀ ದೊಡ್ಡಮ್ಮನ ಹತ್ತಿರ ಸರಿದು ಕೂತಳು.

“ದುರ್ಗಕ್ಕ ಶಿರಾಲಿಯಲ್ಲಿ ಜಾಗ ಕೇಳಿ ಬಂದಿದ್ದಾಳಂತೆ. ಹೈವೇ ಬದಿಗೆ, ಬಸ್ಸು ನಿಲ್ಲೂ ಕಡೆ.”

“ಕೇಳೂದು ಎಂತ, ಮಾತಾತು. ಬೆಳಿಗ್ಗೆ ಅವಲಕ್ಕಿ, ಬನ್ಸು. ಮಧ್ಯಾಹ್ನ ಮೀನಿನ ಊಟ.”

“ಬೆಳಗಿನ ಗಿರಾಕಿ ಯಾರಂತೆ?”

“ಕಾಲೇಜಿಗೆ ಹೋಗೂ ಮಕ್ಕಳು, ಮತ್ತೆ ಲಾರಿಯವರು. ಆದ್ರೆ ಅದೇ ಸಾಲಿನಲ್ಲಿ ಇನ್ನೊಂದು ಹೋಟ್ಲು ಅದೆ. ಅಲ್ಲಿ ಸಾರು ನೀರು. ಇವ್ಳ ಕೈ ಗೊತ್ತಲ್ಲ. ಎರಡೇ ತಿಂಗಳಲ್ಲಿ ಅವ್ನು ಬಾಗಿಲು ಹಾಕ್ತ.”

“ಮಳೆಗಾಲದಲ್ಲಿ ಮೀನು ಸಿಗೂದಿಲ್ಲ, ಆಗ?”

“ಆಗ ಒಣಮೀನು. ಈಗಿಂದಲೇ ಕಟ್ಟಿಡ್ತಾ ಇದ್ದಾಳೆ, ಮಂಚದ ಅಡಿಗೆ. ಬೆಕ್ಕಿಗೆ ಮಾತ್ರ ಹೇಳಿದ್ದಾಳೆ.”

ನಾನು ಮಡಚಿದ್ದ ನಮೂನೆಯನ್ನು ಮತ್ತೆ ಬಿಡಿಸಿದೆ. ಸ್ಥಳ, ಗಿರಾಕಿ, ಪೈಪೋಟಿ, ಮಳೆಗಾಲದ ಅಪಾಯ, ಅದಕ್ಕೆ ಪರಿಹಾರ. ನಮೂನೆಯ ಒಂದೊಂದು ಪ್ರಶ್ನೆಗೂ ಉತ್ತರ ಬಂದಾಗಿತ್ತು, ಅದೂ ಕ್ರಮವಾಗಿ. ನಮ್ಮಲ್ಲಿ ಯಾರೂ ತಮ್ಮ ಯೋಜನೆ ಹೇಳುವುದಿಲ್ಲ. ಪಕ್ಕದ ಮನೆಯವರದ್ದು ಮಾತ್ರ ಬಾಯಿಪಾಠ.

ಮೂರನೆಯ ಭಾನುವಾರ ಫೋನನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿ ವಿಡಿಯೊ ಒತ್ತಿದೆ. “ಇವತ್ತು ಯಾರೂ ತಮ್ಮ ಬಗ್ಗೆ ಹೇಳೂದು ಬೇಡ. ಇನ್ನೊಬ್ಬರ ಬಗ್ಗೆ ಹೇಳಿ. ಹೆಸರೂ ಬೇಡ. ‘ಒಬ್ಬಳು’ ಅಂತ ಹೇಳಿದ್ರೆ ಸಾಕು” ಎಂದೆ.

ಮಾಸ್ತಮ್ಮ ದೊಡ್ಡಮ್ಮ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. “ಹೆಸ್ರಿಲ್ಲದಿದ್ರೆ ದೃಷ್ಟಿ ಯಾರಿಗೆ ತಾಗ್ತದೆ? ಹಾಂಗಾರೆ ಆತು.”

ಆಮೇಲೆ ನನಗೆ ಹಾಳೆಯಿಂದ ಪೆನ್ನು ಎತ್ತಲು ಪುರಸೊತ್ತು ಸಿಗಲಿಲ್ಲ.

ಶಿರಾಲಿಯಲ್ಲಿ ಒಬ್ಬಳು ಹೋಟ್ಲು ಇಡುತ್ತಾಳೆ ಎಂದು ದೊಡ್ಡಮ್ಮ ಶುರು ಮಾಡಿದರು. ದುರ್ಗಕ್ಕ ಗಂಭೀರವಾಗಿ ಕೇಳಿ, “ಅವ್ಳಿಗೆ ಬನ್ಸಿನ ಜೊತೆ ಕಡಲೆ ಗಸಿಯೂ ಇಡೂಕೆ ಹೇಳಿ” ಎಂದು ತಾನೇ ಸಲಹೆ ಕೊಟ್ಟಳು. ಒಬ್ಬಳು ಮುದುಕಿ ತೆಂಗಿನ ಕಡ್ಡಿಯ ಪೊರಕೆ ಕಟ್ಟಿ ಕುಮಟೆಯ ಅಂಗಡಿಗಳಿಗೆ ಹಾಕಬೇಕೆಂದಿದ್ದಾಳೆ, ಆದರೆ ಕಡ್ಡಿ ಕೆರೆಯಲು ಜನ ಸಾಲದು ಎಂದು ದುರ್ಗಕ್ಕ ಸೇಡು ತೀರಿಸಿಕೊಂಡಳು. “ಮುದುಕಿ ಅಂದ್ರೆ ಎಷ್ಟು ವರ್ಷದ್ದು? ಹಲ್ಲು ಎಲ್ಲ ಅದ್ಯಾ?” ಎಂದು ಮಾಸ್ತಮ್ಮ ದೊಡ್ಡಮ್ಮ ವಿಚಾರಿಸಿದರು. ಹೊಲಿಗೆಯವಳೊಬ್ಬಳು ಎರಡನೆಯ ಮೆಷಿನಿಗೆ ಮುಂಗಡ ಕೊಟ್ಟಿದ್ದಾಳೆ, ಆದರೆ ಅತ್ತೆಗೆ ಹೇಳಿಲ್ಲ. “ಹೇಳೂದು ಬೇಡ ಬಿಡಿ, ಪಾಪ, ಅತ್ತೆ ಒಳ್ಳೇವ್ರೇ ಇರ್ಬಹುದು” ಎಂದು ಧನ್ಯಶ್ರೀ ಕಿವಿ ಕೆಂಪಾಗಿ ನುಡಿದಳು.

ನಾಲ್ಕನೆಯದು ಬಂದಾಗ ನನ್ನ ಪೆನ್ನು ನಿಂತಿತು.

“ಒಬ್ಬಳು ಗೋಡಂಬಿ ಫ್ಯಾಕ್ಟರಿಗೆ ಹೋಗ್ತಾಳೆ,” ಎಂದಳು ದುರ್ಗಕ್ಕ. “ಕೈ ಸುಟ್ಕಂಡು ಸುಟ್ಕಂಡು ಸಾಕಾತು. ಮನೆ ಹಿಂದೆ ಭಾವನ ಪಾಲಿನ ಜಾಗ ಖಾಲಿ ಬಿದ್ದದೆ. ಅದನ್ನ ಕೇಳಿ, ನಲವತ್ತು ಮಲ್ಲಿಗೆ ಗಿಡ ಹಾಕೂದು. ಎರಡು ವರ್ಷದಲ್ಲಿ ಫ್ಯಾಕ್ಟರಿ ಬಿಡೂದು. ಬಾವಿಯ ನೀರು ಏಪ್ರಿಲ್‌ವರೆಗೆ ಸಾಲ್ತದಾ ಅಂತ ಕೋಲು ಇಳಿಸಿ ಅಳ್ದಿದ್ದಾಳೆ, ಹೋದ ವರ್ಷ ಒಂದ್ಸಲ, ಈ ವರ್ಷ ಒಂದ್ಸಲ.”

ನಾನು ಅಮ್ಮನನ್ನು ನೋಡಿದೆ. ಬಾವಿಗೆ ಕೋಲು ಇಳಿಸಿದ್ದನ್ನು ನಾನು ಕಂಡಿದ್ದೆ. ಕೊಡ ಬಿದ್ದಿದೆ ಎಂದಿದ್ದಳು.

“ಆ ಹೆಂಗ್ಸು ಯಾರೋ ನಂಗೆ ಗೊತ್ತಿಲ್ಲಪ್ಪ,” ಎಂದಳು ಅಮ್ಮ, ಹೂವಿನಿಂದ ಕಣ್ಣೆತ್ತದೆ. “ನಲವತ್ತಲ್ಲ, ಅರವತ್ತು ಗಿಡ ಅಂತ ಕೇಳ್ದೆ.”

ಅರವತ್ತು ಎಂದು ತಿದ್ದಿದೆ. ನಾಲ್ಕು ಹಾಳೆ ತುಂಬಿತು. ಐದನೆಯದು ಖಾಲಿ. ಐದನೆಯವರು ಬರಬಹುದೆಂದು ಕಾದಿದ್ದೆ, ಯಾರೂ ಬಂದಿರಲಿಲ್ಲ. “ಇನ್ನೊಂದು ಬೇಕಿತ್ತು” ಎಂದೆ, ನನಗೇ ಕೇಳುವಷ್ಟು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

“ಇನ್ನೊಬ್ಳು ಇದ್ದಾಳಲ್ಲ,” ಅಂದರು ಮಾಸ್ತಮ್ಮ ದೊಡ್ಡಮ್ಮ. “ಒಬ್ಬಳು ಹುಡ್ಗಿ. ಓದ್ದವ್ಳು. ಪರದೇಶಕ್ಕೆ ಹೋಗಿ ಅಲ್ಲಿಯ ಹೆಂಗಸ್ರಿಗೆ ವ್ಯಾಪಾರ ಕಲಿಸ್ತಾಳಂತೆ. ಬರ್ಕ.”

ನಾನು ಬರೆದುಕೊಳ್ಳಲಿಲ್ಲ.

“ಎಂತ ಕಾಣ್ತೆ? ಪೊಲೀಸಿನವ ಬಂದಿದ್ದ ಮಾರಾಯ್ತಿ,” ದುರ್ಗಕ್ಕನಿಗೆ ಇನ್ನು ತಡೆಯಲಾಗಲಿಲ್ಲ. “ನೀ ಭಟ್ಕಳಕ್ಕೆ ಹೋಗಿ ಬಂದ ಮಾರನೇ ದಿನ. ಲವಂಗದ ದ್ವೀಪಕ್ಕೆ ಪಾಠ ಮಾಡೂಕೆ ಹೋಗ್ತಾಳಂತಲ್ಲ, ಹುಡ್ಗಿ ಹೆಂಗೆ, ಎಂತ, ಅಂತ ಕೇಳ್ದ. ಬಾಯಿ ಅದ್ಯಾ ಇಲ್ವಾ ನಮ್ಗೂ ಸರಿ ಗೊತ್ತಿಲ್ಲ, ಜಗಳ ಅಂತೂ ಮಾಡೂದಿಲ್ಲ ಅಂದೆ. ನಾನೂ ದೊಡ್ಡಮ್ಮನೂ ಸಹಿ ಹಾಕಿ ಕೊಟ್ಟದ್ದು.”

“ನಾ ಹೆಬ್ಬೆಟ್ಟು,” ಎಂದು ದೊಡ್ಡಮ್ಮ ತಿದ್ದಿದರು. “ಸುಳ್ಳು ಬೇಡ, ಫೋನು ಕೇಳ್ತಾ ಅದೆ.”

“ಎರಡು ತಿಂಗಳಿಂದ ಗೊತ್ತಿತ್ತಾ? ಯಾರೂ ಎಂತದೂ ಕೇಳ್ಲಿಲ್ಲ!”

“ಕೇಳೂದು ಹೆಂಗೆ?” ಎಂದರು ದೊಡ್ಡಮ್ಮ. “ಕೇಳಿ ನಿನ್ನ ಕೆಲಸ ಹಾಳು ಮಾಡೂದಾ? ಈ ದುರ್ಗಿ ಎರಡು ತಿಂಗಳು ಬಾಯಿ ಮುಚ್ಕಂಡು ಇದ್ಲಲ್ಲ, ಅದನ್ನ ನಿನ್ನ ಆಫೀಸಿನವ್ರಿಗೆ ಬರ್ದು ಕಳ್ಸು. ಅಂಥಾ ಕೆಲಸ ಅವಳು ಹುಟ್ಟಿದ ಮೇಲೆ ಮಾಡ್ಲಿಲ್ಲ.”

ಧನ್ಯಶ್ರೀ ನನ್ನ ಕೈಯಿಂದ ಹಾಳೆ ಎಳೆದುಕೊಂಡು ತಾನೇ ಬರೆಯಲು ಕೂತಳು. “ಸ್ಥಳ?”

“ಲವಂಗ ಬೆಳೆಯೂ ದ್ವೀಪವಂತೆ. ತೆಂಗೂ ಅದ್ಯಂತೆ. ಹಾಂಗಾರೆ ಊಟಕ್ಕೆ ತೊಂದರೆ ಇಲ್ಲ,” ಎಂದಳು ದುರ್ಗಕ್ಕ.

“ಭಾಷೆ?”

“ಕನ್ನಡವೇ ಆಡೂದಿಲ್ಲ ಅವ್ಳು, ಯಾವ ಭಾಷೆ ಆದ್ರೆ ಎಂತ?”

“ಅಪಾಯಗಳು?”

“ಆ ಹುಡ್ಗಿ ಕ್ಯಾಲೆಂಡರಿಗೆ ಪಾಠ ಮಾಡ್ತದೆ. ಅದೇ ಅಪಾಯ,” ಎಂದರು ದೊಡ್ಡಮ್ಮ. ಎಲ್ಲರೂ ನಕ್ಕರು. ನನಗೂ ನಗು ಬಂತು.

“ಮನೆಯವ್ರ ಒಪ್ಪಿಗೆ ಅದ್ಯಾ ಅಂತ ಅದೆ ಇಲ್ಲಿ,” ಎಂದು ಧನ್ಯಶ್ರೀ ಓದಿದಳು. ಓದಿದ ಮೇಲೆ ಓದಬಾರದಿತ್ತು ಎನ್ನಿಸಿರಬೇಕು, ಪೆನ್ನಿನ ತುದಿ ಕಚ್ಚಿದಳು.

ಅಮ್ಮನ ಕೈಯಲ್ಲಿ ಬಾಳೆನಾರು ನಿಂತಿತು.

“ಆ ಹುಡ್ಗಿಗೆ ಒಬ್ಳು ಅಮ್ಮ ಇದ್ದಾಳೆ,” ಎಂದಳು ಅಮ್ಮ. ಯಾರನ್ನೂ ನೋಡಲಿಲ್ಲ. “ಪೊಲೀಸಿನವ ಬಂದು ಕೇಳಿ ಹೋದ. ದುರ್ಗಕ್ಕ ಬಂದು ಹೇಳಿ ಹೋದ್ಲು. ಮಗಳು ಹೇಳಬಹುದು ಅಂತ ಅವ್ಳು ಎರಡು ತಿಂಗಳು ಕಾದ್ಲು. ಮಗಳು ರಾತ್ರಿ ಊಟ ಮಾಡೂದು, ಡೈರಿ ಬರೆಯೂದು, ಮಲಗೂದು. ಊರಿಗೆ ಹೇಳಬಾರದು, ಸರಿ. ಅಮ್ಮನಿಗೂ ಹೇಳಬಾರದು ಅಂತ ಯಾರು ಕಲಿಸಿದ್ದೋ.”

“ಹೂವಿನ ಗಿಡದ ಸುದ್ದಿ ನೀನೂ ಹೇಳ್ಲಿಲ್ಲ,” ಎಂದೆ. ಬಾಯಿಂದ ಬಂದ ಮೇಲೆ ಹೆದರಿಕೆಯಾಯಿತು.

“ಗಿಡ ಚಿಗುರಿದ ಮೇಲೆ ಹೇಳ್ತಿದ್ದೆ.”

“ನಾನೂ ವೀಸಾ ಬಂದ ಮೇಲೆ ಹೇಳ್ತಿದ್ದೆ.”

ಅಮ್ಮ ಬುಟ್ಟಿಯಿಂದ ಇನ್ನೊಂದು ಹೂ ಎತ್ತಿಕೊಂಡಳು.

“ನೂಲಿನ ಹಾಂಗೇ ಸೀರೆ,” ಎಂದು ಮಾಸ್ತಮ್ಮ ದೊಡ್ಡಮ್ಮ ಗೋಡೆಗೆ ಒರಗಿದರು. “ಈಗಾದ್ರೂ ಕೇಳೆ ಹುಡ್ಗಿ. ಆ ಧನ್ಯನ ಪೆನ್ನು ಒಣಗ್ತಾ ಅದೆ.”

ಕಿಟಕಿಯ ಸರಳಿನಲ್ಲಿ ಫೋನಿನ ಕೆಂಪು ಚುಕ್ಕೆ ಮಿನುಗುತ್ತಿತ್ತು. ಬಂದ್ ಮಾಡಬೇಕೆನ್ನಿಸಿತು, ಎದ್ದು ಹೋದರೆ ಮತ್ತೆ ಕೇಳಲಾರೆ ಎಂದೂ ಗೊತ್ತಿತ್ತು. ಅಲ್ಲಿಯೇ ನಿಂತು, ಕ್ಯಾಲೆಂಡರಿಗೆ ಬೆನ್ನು ಮಾಡಿ, ನಾಲ್ವರಿಗೂ ಕೇಳುವ ಹಾಗೆ ಹೇಳಿದೆ.

“ಅಮ್ಮ, ಆರು ತಿಂಗಳು. ನಂಗೆ ಹೋಗಬೇಕು ಅಂತ ಅದೆ. ಹೋಗ್ಲಾ?”

ಅಮ್ಮ ನಾರಿಗೆ ಗಂಟು ಹಾಕಿ, ಹೆಚ್ಚಾದ ತುದಿಯನ್ನು ಹಲ್ಲಿನಿಂದ ಕಡಿದಳು.

“ಆತು,” ಎಂದಳು.

ಧನ್ಯಶ್ರೀ ಬರೆದುಕೊಂಡಳು. ಆ ಹಾಳೆಯಲ್ಲಿ ಒಪ್ಪಿಗೆಯ ಮುಂದೆ ಬರೀ ‘ಆತು’ ಎಂದೇ ಇದೆ. ಕೆಳಗೆ ಅಪಾಯದ ಪರಿಹಾರವೂ ಇದೆ, ಅದನ್ನು ಹೇಳಿದ್ದು ಅಮ್ಮ, ಹೂವಿನ ದಂಡೆ ಎತ್ತಿಕೊಂಡು ಒಳಗೆ ಹೋಗುತ್ತಾ: “ಆ ಹುಡ್ಗಿ ಮೂರು ವಾರದಿಂದ ಮಾತಾಡ್ತಾ ಅದೆ. ಅವ್ಳಿಗೇ ಗೊತ್ತಾಗ್ಲಿಲ್ಲ ಅಷ್ಟೆ.”

ಎಲ್ಲ ಕಳಿಸಿದ ಐದನೆಯ ದಿನ ಬೆಂಗಳೂರಿನಿಂದ ಫೋನ್ ಬಂತು. ಸಂಸ್ಥೆಯ ದೀಕ್ಷಾ ಎಂಬವರು. ಕರೆ ಬಂದರೆ ಕತ್ತರಿಸಿ ಮೆಸೇಜು ಹಾಕುವುದು ನನ್ನ ಪದ್ಧತಿ. ಅವತ್ತು ಕುಮಟೆಯ ಆಫೀಸಿನ ಮೆಟ್ಟಿಲಿಗೆ ಬಂದು ಎತ್ತಿಕೊಂಡೆ.

“ವಿನುತಾ ಅವರೇ, ಯೋಜನೆಗಳು ಚೆನ್ನಾಗಿವೆ. ಆದರೆ ಒಂದರಲ್ಲೂ ಹೆಸರಿಲ್ಲ, ಸಹಿ ಇಲ್ಲ. ಎಲ್ಲ ಕಡೆ ‘ಒಬ್ಬಳು’ ಅಂತಿದೆ. ನಿಯಮದ ಪ್ರಕಾರ ಉದ್ಯಮಿಯೇ ಬರೆಯಬೇಕು. ಇದನ್ನ ನಾನು ಹೇಗೆ ಒಪ್ಪಲಿ?”

ಎಲ್ಲಿಗೆ ಎಂದು ಕೇಳಬಾರದ್ದರಿಂದ ಶುರು ಮಾಡಿದೆ. ನನ್ನನ್ನು ಅಕ್ಕೋರೆ ಎಂದು ಕರೆಯುವ ದೊಡ್ಡಮ್ಮನ ಅಗೆಯ ಮಾತು ಹೇಳಿದೆ, ಮಂಚದಡಿಯ ಒಣಮೀನು ಹೇಳಿದೆ. ಕನಸು ಹೇಳಿ ಎಂದರೆ ಬಾಯಿ ಮುಚ್ಚುವವರು ನಮ್ಮಲ್ಲಿ ಮಾತ್ರ ಇರಲಿಕ್ಕಿಲ್ಲ, ಆ ದ್ವೀಪದಲ್ಲೂ ಇದ್ದರೆ ನಿಮ್ಮ ನಮೂನೆ ಅಲ್ಲಿಯೂ ಬಿಳಿಯಾಗಿಯೇ ಉಳಿಯುತ್ತದೆ ಎಂದೆ. ಐದನೆಯದಕ್ಕೆ ಮಾತ್ರ ಈಗ ಹೆಸರು ಹಾಕಬಹುದು, ಅದು ನನ್ನದು ಎಂದೆ. ಮಾತು ಮುಗಿದಾಗ ಫೋನಿನಲ್ಲಿ ಹನ್ನೊಂದು ನಿಮಿಷ ತೋರಿಸಿತು. ಅದರಲ್ಲಿ ದೀಕ್ಷಾ ಅವರದ್ದು ಎರಡು ಇರಬಹುದು.

“ಆ ಅಜ್ಜಿ ಇನ್ನೂ ನಿಮ್ಮನ್ನ ಅಕ್ಕೋರೆ ಅಂತಾರಾ?” ಎಂದು ಕೊನೆಗೆ ಕೇಳಿದರು.

“ಬಿಟ್ಟೂಬಿಡದೆ.”

“ಸರಿ. ಟಿಕೆಟ್ಟಿನ ವಿವರ ಕಳಿಸ್ತೇನೆ.”

ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಅಮ್ಮನಿಗೆ ಅವತ್ತೇ ಸಂಜೆ ಹೇಳಿದೆ. ಅಪ್ಪನಿಗೆ ಅಮ್ಮ ಫೋನಿನಲ್ಲಿ ಹೇಳಿದಳು, ಅರವತ್ತು ಗಿಡದ ಸುದ್ದಿಯನ್ನೂ ಅದೇ ಉಸಿರಿನಲ್ಲಿ ಸೇರಿಸಿಬಿಟ್ಟಳು. ಅಪ್ಪ ಯಾವುದಕ್ಕೆ ಗಾಬರಿಯಾಗಬೇಕೆಂದು ತಿಳಿಯದೆ ಎರಡಕ್ಕೂ ಹೂಂ ಅಂದರಂತೆ.

ಹೊರಟ ಬೆಳಿಗ್ಗೆ ದೊಡ್ಡ ಸೂಟ್‌ಕೇಸು ಎಳೆದುಕೊಂಡು ಅಂಗಳಕ್ಕೆ ಇಳಿದೆ. ಮಾಸ್ತಮ್ಮ ದೊಡ್ಡಮ್ಮ ಬೇಲಿಯ ಹತ್ತಿರ ಕಡ್ಡಿ ಕೆರೆಯುತ್ತಾ ಕೂತಿದ್ದರು. ದುರ್ಗಕ್ಕ ಬಾವಿಕಟ್ಟೆಯಲ್ಲಿ ಆಗಲೇ ತುಂಬಿದ್ದ ಕೊಡವನ್ನು ಮತ್ತೆ ತುಂಬುತ್ತಿದ್ದಳು. ಧನ್ಯಶ್ರೀಯ ಹೊಲಿಗೆ ಮೆಷಿನ್ನಿನ ಸದ್ದು ನಿಂತು ಕಿಟಕಿ ಅರ್ಧ ತೆರೆಯಿತು.

“ದೂರವಾ ತಂಗಿ?” ಅಂದರು ದೊಡ್ಡಮ್ಮ.

“ಹೂಂ ದೊಡ್ಡಮ್ಮ. ಇಲ್ಲೇ ಸ್ವಲ್ಪ.”

“ಹಾಂಗಾರೆ ಕೊಡೆ ತಕಂಡು ಹೋಗು,” ಎಂದು ಅವರು ಕಡ್ಡಿ ಕೆರೆಯುವುದನ್ನು ಮುಂದುವರಿಸಿದರು. “ಎಲ್ಲಿ ಯಾವಾಗ ಮಳೆ ಬತ್ತದೆ, ಹೇಳೂಕೆ ಬತ್ತದ್ಯಾ?”